ಪೊಲೀಸರ ಒಳಗಿನ ದಾಖಲೆ ಕೇಳುವುದು ಹೇಗೆ? ವೈರ್‌ಲೆಸ್ ಲಾಗ್‌ನಿಂದ ಠಾಣೆಯ ಸಿಸಿಟಿವಿವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಬೀದಿಯ ಒಬ್ಬ ಹೆಂಗಸು ಒಂದು ರಾತ್ರಿ 112ಕ್ಕೆ ಕರೆ ಮಾಡಿದರು. ಮನೆ ಮುಂದೆ ಕುಡಿದವರ ಗಲಾಟೆ. ಗಾಡಿ ಬರುವ ಹೊತ್ತಿಗೆ ಕಿಟಕಿ ಗಾಜು ಒಡೆದು ಎಲ್ಲರೂ ಹೋಗಿಯಾಗಿತ್ತು. ಬೆಳಿಗ್ಗೆ ಠಾಣೆಗೆ ಹೋದರೆ, "ಅಷ್ಟೊತ್ತಿಗೆ ನಮಗೆ ಮೆಸೇಜೇ ಬಂದಿರಲಿಲ್ಲಮ್ಮ" ಎಂಬ ಉತ್ತರ.

ಅವರು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. "ಪೊಲೀಸರು ತಡವಾಗಿ ಬಂದದ್ದು ಏಕೆ? ಇದಕ್ಕೆ ಹೊಣೆ ಯಾರು?" ಎಂದು ಕೇಳಿದ್ದರು. ಒಂದೇ ಸಾಲಿನ ಉತ್ತರ ಬಂತು. ಇದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ, ಅಷ್ಟೇ.

ಎರಡನೇ ಅರ್ಜಿಯನ್ನು ನಾವಿಬ್ಬರೂ ಕೂತು ಬರೆದೆವು. ಈ ಸಲ ಪ್ರಶ್ನೆ ಕೇಳಲಿಲ್ಲ, ಕಾಗದ ಕೇಳಿದೆವು. ಕರೆ ದಾಖಲಾದ ಸಮಯ, ಗಾಡಿಗೆ ಸಂದೇಶ ಹೋದ ಸಮಯ, ಗಾಡಿಯ ಲಾಗ್‌ಬುಕ್ಕಿನ ಆ ಪುಟ, ಠಾಣಾ ದಿನಚರಿಯ ಆ ರಾತ್ರಿಯ ನಮೂದು. ಮೂರು ಹಾಳೆ ಬಂದವು. ಕರೆ ಬಂದದ್ದು, ಗಾಡಿಗೆ ಹೇಳಿದ್ದು, ಗಾಡಿ ಹೊರಟದ್ದು, ಎಲ್ಲದರ ಸಮಯವೂ ಅದರಲ್ಲಿತ್ತು.

ಪೊಲೀಸ್ ಇಲಾಖೆಯ ಒಳಗಿನ ಮಾತುಕತೆಯೆಲ್ಲ ಗುಟ್ಟು ಎಂದು ಜನ ನಂಬಿದ್ದಾರೆ. ಎಷ್ಟೋ ಸಿಬ್ಬಂದಿಯೂ ಹಾಗೇ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ, ಕೇಳುವುದು ಹೇಗೆ ಎಂಬುದನ್ನು ಕರ್ನಾಟಕದ ಮಟ್ಟಿಗೆ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ನಿಮಗೆ ಬೇಕಾದ ಕಾಗದದ ಹೆಸರು ತಿಳಿಯಿರಿ

ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಅರ್ಧ ಅರ್ಜಿಗಳು ಸೋಲುವುದೂ ಇಲ್ಲಿಯೇ.

ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಎಫ್) "ಮಾಹಿತಿ" ಎಂದರೇನು ಎಂದು ಹೇಳುತ್ತದೆ. ದಾಖಲೆ, ಮೆಮೊ, ಇಮೇಲ್, ಅಭಿಪ್ರಾಯ, ಸಲಹೆ, ಸುತ್ತೋಲೆ, ಆದೇಶ, ಲಾಗ್‌ಬುಕ್, ವರದಿ, ಎಲೆಕ್ಟ್ರಾನಿಕ್ ರೂಪದ ಡೇಟಾ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಅಧಿಕಾರಿಗಳು ತಮ್ಮತಮ್ಮಲ್ಲೇ ಬರೆದುಕೊಂಡದ್ದು ಎಂಬ ಒಂದೇ ಕಾರಣಕ್ಕೆ ಯಾವ ಕಾಗದವೂ ಕಾಯ್ದೆಯ ಹೊರಗೆ ಹೋಗುವುದಿಲ್ಲ. ಆದರೆ ಆ ಕಾಗದ ಇಲಾಖೆಯ ಬಳಿ ಇರಬೇಕು. ಇಲ್ಲದ ಮಾಹಿತಿಯನ್ನು ನಿಮಗಾಗಿ ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಅದಕ್ಕೇ "ಏಕೆ" ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ "ಏಕೆ" ಬರೆದಿಟ್ಟಿರುವ ಟಿಪ್ಪಣಿ ಹಾಳೆ ಕೇಳಿದರೆ ಸಿಗಬಹುದು.

ಠಾಣೆಯಲ್ಲಿ ಯಾವ್ಯಾವ ಕಾಗದ ಇರುತ್ತದೆ?

ಎಲ್ಲಕ್ಕಿಂತ ಮುಖ್ಯವಾದದ್ದು ಠಾಣಾ ದಿನಚರಿ. ಠಾಣೆಯವರು ಅದನ್ನು ಎಸ್‌ಎಚ್‌ಡಿ ಎನ್ನುತ್ತಾರೆ. ಬೇರೆ ರಾಜ್ಯಗಳಲ್ಲಿ ಜನರಲ್ ಡೈರಿ ಎಂಬ ಹೆಸರಿದೆ. ಯಾರು ಕರ್ತವ್ಯಕ್ಕೆ ಹೋದರು, ಯಾರು ದೂರು ತಂದರು, ಯಾರನ್ನು ಕರೆತಂದರು ಎಂಬುದು ಸಮಯದ ಜೊತೆ ಇದರಲ್ಲಿರುತ್ತದೆ. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ಮಾತು ಖಚಿತವಾಗಿ ಹೇಳಿತು. ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧದ ಬಗ್ಗೆ ಬಂದ ಎಲ್ಲ ಮಾಹಿತಿಯೂ ಈ ಡೈರಿಯಲ್ಲಿ ಕಾಣಲೇಬೇಕು. ಎಫ್‌ಐಆರ್ ಆಗಲಿ, ಪ್ರಾಥಮಿಕ ವಿಚಾರಣೆಯೇ ಆಗಲಿ, ಅದು ಇಲ್ಲಿ ನಮೂದಾಗಬೇಕು. ನೀವು ದೂರು ಕೊಟ್ಟ ದಿನದ ಪುಟದಲ್ಲಿ ನಿಮ್ಮ ಹೆಸರೇ ಇಲ್ಲ ಎಂದಾದರೆ ಅದೂ ಒಂದು ಸಾಕ್ಷ್ಯವೇ ಅಲ್ವಾ?

ಇದರ ಜೊತೆ ಅರ್ಜಿ ವಿಚಾರಣೆಯ ಕಡತ ಮತ್ತು ಅದರ ಹಿಂಬರಹ (ದೂರಿಗೆ ಪೊಲೀಸರು ಕೊಡುವ ಲಿಖಿತ ಉತ್ತರ), ಗಸ್ತು ವಾಹನದ ಲಾಗ್‌ಬುಕ್ (ಬೆಂಗಳೂರಿನಲ್ಲಾದರೆ ಹೊಯ್ಸಳ ಗಾಡಿಯದು), ಕಂಟ್ರೋಲ್ ರೂಮಿನ ಕರೆ ದಾಖಲೆ, ಬೀಟ್ ಪುಸ್ತಕ, ಬಂದೋಬಸ್ತ್ ಆದೇಶ, ಮೇಲಧಿಕಾರಿಯ ಸುತ್ತೋಲೆ ಮತ್ತು ಸ್ಥಾಯಿ ಆದೇಶ ಇರುತ್ತವೆ. ಸುತ್ತೋಲೆಗಳ ವಿಷಯದಲ್ಲಿ ಹಿಂಜರಿಯಲೇಬೇಡಿ. ಸಿಬ್ಬಂದಿ ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಸೆಕ್ಷನ್ 4(1)(ಬಿ) ಹೇಳುತ್ತದೆ.

ವಾಟ್ಸ್ಯಾಪ್ ಗುಂಪಿನ ಸಂದೇಶಗಳ ಬಗ್ಗೆ ಈಗ ತುಂಬಾ ಜನ ಕೇಳುತ್ತಾರೆ. ನನ್ನ ಸಲಹೆ ಸರಳ. ಗುಂಪಿನ ಚಾಟ್ ಕೇಳಬೇಡಿ, ಅದು ಇಲಾಖೆಯ ವಶದಲ್ಲೇ ಇಲ್ಲ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಆ ಸಂದೇಶದ ಹಿಂದೆ ಇರುವ ಆದೇಶ ಅಥವಾ ಮೆಮೊದ ಪ್ರತಿ ಕೇಳಿ.

ಹಂತ 2: ಸಿಸಿಟಿವಿ ಬೇಕಿದ್ದರೆ ಇವತ್ತೇ ಹೊರಡಿ

ಸಿಸಿಟಿವಿ ದೃಶ್ಯಕ್ಕೆ ಆಯುಸ್ಸು ಕಡಿಮೆ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ದೇಶದ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಎಂದು ಆದೇಶಿಸಿತು. ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ, ಠಾಣೆಯ ಹಿಂಭಾಗ, ಯಾವ ಜಾಗವೂ ಬಿಟ್ಟುಹೋಗಬಾರದು. ಧ್ವನಿಯೂ ದಾಖಲಾಗಬೇಕು. 18 ತಿಂಗಳು ಉಳಿಸಿಡಬೇಕು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ 1 ವರ್ಷಕ್ಕಿಂತ ಕಡಿಮೆ ಆಗಬಾರದು. ಆದೇಶ ಹೀಗಿದೆ. ಆದರೂ "ಡಿವಿಆರ್ ಕೆಟ್ಟಿತ್ತು", "ಓವರ್‌ರೈಟ್ ಆಗಿದೆ" ಎಂಬ ಉತ್ತರ ಬರುವುದುಂಟು. ಅದಕ್ಕೇ ವಾರಗಟ್ಟಲೆ ಕಾಯಬಾರದು.

ಆರ್‌ಟಿಐ ಅರ್ಜಿ ಹಾಕಿದ ಮೇಲೆ ಒಂದು ರಕ್ಷಣೆ ಸಿಗುತ್ತದೆ. ಕೇಳಿದ ಮಾಹಿತಿಯನ್ನು ಗೊತ್ತಿದ್ದೂ ನಾಶ ಮಾಡಿದರೆ ಸೆಕ್ಷನ್ 20ರ ಅಡಿ ಮಾಹಿತಿ ಅಧಿಕಾರಿಗೆ, ಅಂದರೆ ಅರ್ಜಿಗೆ ಉತ್ತರ ಕೊಡಬೇಕಾದ ಅಧಿಕಾರಿಗೆ, ದಂಡ ಹಾಕಬಹುದು. ಹೀಗಾಗಿ ಅರ್ಜಿ ಸಲ್ಲಿಸಿದ ದಿನವೇ, "ಈ ದೃಶ್ಯವನ್ನು ಅಳಿಸದೆ ಕಾಪಾಡಿ" ಎಂದು ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ ಬೇರೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಸಮಯ, ಕ್ಯಾಮೆರಾ ಇರುವ ಜಾಗ ಬರೆಯಿರಿ. ಇಡೀ ದಿನದ್ದು ಕೇಳುವ ಬದಲು 1 ಅಥವಾ 2 ಗಂಟೆಯದ್ದು ಕೇಳಿದರೆ ಇಲ್ಲ ಎನ್ನಲು ಅವರಿಗೂ ಕಾರಣ ಕಡಿಮೆ. ಠಾಣೆಯೊಳಗೆ ಹೊಡೆತ ಬಿದ್ದಿದ್ದರೆ ಆರ್‌ಟಿಐ ಒಂದನ್ನೇ ನಂಬಿ ಕೂರಬೇಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಿ. ಆಯೋಗ ಮತ್ತು ನ್ಯಾಯಾಲಯ ಆ ದೃಶ್ಯವನ್ನು ತರಿಸಿಕೊಳ್ಳಬಹುದು ಎಂದು ಅದೇ ತೀರ್ಪಿನಲ್ಲಿದೆ.

ಹಂತ 3: ಅರ್ಜಿ ಬರೆಯಿರಿ, 150 ಪದದೊಳಗೆ

ಕರ್ನಾಟಕದ ನಿಯಮದಲ್ಲಿ ಒಂದು ಬಿಗಿ ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕಥೆ ಹೇಳಲು ಜಾಗವೇ ಇಲ್ಲ. ಕಥೆ ಬೇಕಾಗಿಯೂ ಇಲ್ಲ, ಯಾಕೆಂದರೆ ಮಾಹಿತಿ ಏಕೆ ಬೇಕು ಎಂದು ಹೇಳಬೇಕಿಲ್ಲ ಎನ್ನುತ್ತದೆ ಸೆಕ್ಷನ್ 6(2). ನಾವು ಬರೆದದ್ದು ಹೆಚ್ಚೂಕಡಿಮೆ ಹೀಗಿತ್ತು:

"ವಿಷಯ: ದಿನಾಂಕ ____ರ ರಾತ್ರಿ 112ಕ್ಕೆ ಮಾಡಿದ ಕರೆಗೆ ಸಂಬಂಧಿಸಿದ ದಾಖಲೆಗಳು. ಮಾಹಿತಿ ಹಕ್ಕು ಅಧಿನಿಯಮ 2005ರ ಸೆಕ್ಷನ್ 6(1)ರಂತೆ ಕೆಳಗಿನವುಗಳ ದೃಢೀಕೃತ ಪ್ರತಿ ಕೊಡಿ. (1) ನನ್ನ ಮೊಬೈಲ್ ಸಂಖ್ಯೆ ____ಯಿಂದ ರಾತ್ರಿ 11ರಿಂದ 1 ಗಂಟೆ ನಡುವೆ ಬಂದ ಕರೆಯ ದಾಖಲೆ. (2) ಆ ಕರೆಯ ಬಗ್ಗೆ ಗಸ್ತು ವಾಹನಕ್ಕೆ ಸಂದೇಶ ಕಳಿಸಿದ ಮತ್ತು ವಾಹನ ಸ್ಥಳ ತಲುಪಿದ ಸಮಯದ ದಾಖಲೆ. (3) ಆ ವಾಹನದ ಲಾಗ್‌ಬುಕ್ಕಿನ ಅಂದಿನ ಪುಟ. (4) ____ ಠಾಣೆಯ ಠಾಣಾ ದಿನಚರಿಯಲ್ಲಿ ಈ ಕರೆಯ ಕುರಿತ ನಮೂದು. ಇವುಗಳಲ್ಲಿ ಯಾವುದಾದರೂ ಭಾಗ ಕೊಡಲು ಬಾರದಿದ್ದರೆ ಸೆಕ್ಷನ್ 10ರಂತೆ ಆ ಭಾಗ ಮಾತ್ರ ಮರೆಮಾಡಿ ಉಳಿದದ್ದು ಕೊಡಿ."

ಕೊನೆಯ ಸಾಲನ್ನು ಬಿಡಬೇಡಿ. ಠಾಣಾ ದಿನಚರಿಯ ಒಂದೇ ಪುಟದಲ್ಲಿ ಹತ್ತು ಜನರ ವಿಷಯ ಇರುತ್ತದೆ. ಬೇರೆಯವರ ಹೆಸರಿದೆ ಎಂದು ಇಡೀ ಪುಟ ತಡೆಯುವುದು ರೂಢಿ. ಆ ಹೆಸರುಗಳ ಮೇಲೆ ಕಪ್ಪು ಬಳಿದು ನಿಮ್ಮ ಸಾಲು ಕೊಡಲು ಕಾಯ್ದೆಯಲ್ಲೇ ದಾರಿ ಇದೆ.

ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಲಗತ್ತಿಸಿ, ಶುಲ್ಕ ಇಲ್ಲ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು.

ಹಂತ 4: ಸರಿಯಾದ ಮೇಜಿಗೆ ಕಳಿಸಿ

ಮಾಹಿತಿ ಅಧಿಕಾರಿ ಯಾರು ಎಂಬ ಫಲಕ ಠಾಣೆಯಲ್ಲೋ ಡಿವೈಎಸ್‌ಪಿ ಅಥವಾ ಎಸಿಪಿ ಕಚೇರಿಯಲ್ಲೋ ಇರಬೇಕು. ಕಂಟ್ರೋಲ್ ರೂಮಿನ ದಾಖಲೆ ಬೇಕಿದ್ದರೆ ನಗರದಲ್ಲಿ ಕಮಿಷನರ್ ಕಚೇರಿ, ಜಿಲ್ಲೆಯಲ್ಲಿ ಎಸ್‌ಪಿ ಕಚೇರಿಗೆ ಬರೆಯಿರಿ. ಮೇಜು ತಪ್ಪಿದರೂ ಗಾಬರಿ ಬೇಡ. 5 ದಿನದೊಳಗೆ ಸರಿಯಾದ ಪ್ರಾಧಿಕಾರಕ್ಕೆ ವರ್ಗಾಯಿಸುವ ಹೊಣೆ ಅವರದೇ, ಸೆಕ್ಷನ್ 6(3). ಖುದ್ದು ಕೊಟ್ಟರೆ ಸೀಲ್ ಹಾಕಿಸಿಕೊಳ್ಳಿ. ಇಲ್ಲವಾದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

"ಸ್ಟೇಷನ್‌ಗೆ ಬನ್ನಿ, ಯಾಕೆ ಅರ್ಜಿ ಹಾಕಿದ್ರಿ ಅಂತ ಮಾತಾಡೋಣ" ಎಂದು ಫೋನ್ ಬಂದರೆ ಹೋಗಲೇಬೇಕೆಂಬ ಕಡ್ಡಾಯ ಇಲ್ಲ. "ಏನಿದ್ದರೂ ಬರವಣಿಗೆಯಲ್ಲಿ ತಿಳಿಸಿ ಸಾರ್" ಎಂದು ವಿನಯದಿಂದ ಹೇಳಿ. ಕರೆ ಬಂದ ದಿನ, ಸಮಯ ಗುರುತು ಹಾಕಿಕೊಳ್ಳಿ.

30 ದಿನದಲ್ಲಿ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಆದರೆ ಮನೆಯವರನ್ನು ಕರೆದೊಯ್ದು ಎಲ್ಲಿಟ್ಟಿದ್ದಾರೆ ಎಂದೇ ಗೊತ್ತಿಲ್ಲದಿದ್ದರೆ 48 ಗಂಟೆಯೂ ಕಾಯಬೇಡಿ. ಬಂಧಿತರ ವಿವರ ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರ ಕಚೇರಿಯಲ್ಲೂ ಎಲ್ಲರಿಗೂ ಕಾಣುವಂತೆ ಇರಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೇ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) ಹೇಳುತ್ತದೆ. ಮೊದಲು ಅಲ್ಲಿ ಕೇಳಿ, ಸಿಗದಿದ್ದರೆ ವಕೀಲರ ಮೂಲಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ) ಹಾಕಿ.

ಹಂತ 5: ಮುಚ್ಚಿದ ಬಾಗಿಲು ಯಾವುದು ಎಂದು ಗುರುತಿಸಿ

ನಿರಾಕರಣೆಯ ಪತ್ರ ಬಂದರೆ ಬೇಸರ ಪಡುವ ಮೊದಲು ಅದರಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ನೋಡಿ. ಕೆಲವು ನಿರಾಕರಣೆ ನ್ಯಾಯವಾದದ್ದು. ಅದನ್ನು ಒಪ್ಪಿಕೊಳ್ಳುವ ಮನಸ್ಸು ನಮಗಿರಬೇಕು.

ಮಾಹಿತಿದಾರರ ವಿಷಯ ತಗೊಳ್ಳಿ. ಒಬ್ಬ ಅಂಗಡಿಯವನು ಗಾಂಜಾ ಮಾರುವವರ ಸುಳಿವು ಪೊಲೀಸರಿಗೆ ಕೊಟ್ಟಿರುತ್ತಾನೆ. ಅವನ ಹೆಸರು ಆರ್‌ಟಿಐನಲ್ಲಿ ಹೊರಬಂದರೆ ಅವನ ಗತಿ ಏನು? ಯಾರದಾದರೂ ಜೀವಕ್ಕೆ ಅಪಾಯ ತರುವ ಅಥವಾ ಗುಟ್ಟಾಗಿ ನೆರವಾದವರನ್ನು ಬಯಲು ಮಾಡುವ ಮಾಹಿತಿಯನ್ನು ಸೆಕ್ಷನ್ 8(1)(ಜಿ) ತಡೆಯುತ್ತದೆ. ಅದು ಸರಿಯೇ. ದೇಶದ ಭದ್ರತೆಗೆ ಸಂಬಂಧಿಸಿದ್ದು 8(1)(ಎ). ಫೋನ್ ಕದ್ದಾಲಿಕೆಯ ಆದೇಶಗಳ ಮಾಹಿತಿ ಈ ಗುಂಪಿಗೆ ಸೇರುತ್ತದೆ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ.

ಜಾಸ್ತಿ ದುರುಪಯೋಗ ಆಗುವುದು 8(1)(ಎಚ್). ತನಿಖೆಗೆ, ಆರೋಪಿಗಳನ್ನು ಹಿಡಿಯುವುದಕ್ಕೆ ಅಥವಾ ಅವರ ಮೇಲಿನ ಕೇಸು ನಡೆಸುವುದಕ್ಕೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎಂಬ ನಿಯಮ ಅದು. "ಪ್ರಕರಣ ತನಿಖೆಯಲ್ಲಿದೆ, ಮಾಹಿತಿ ನೀಡಲಾಗದು" ಎಂಬ ಸಿದ್ಧ ವಾಕ್ಯ ನೀವೂ ಓದಿರುತ್ತೀರಿ. ಇಲ್ಲಿ ನಿಮ್ಮ ಕೈಹಿಡಿಯುವುದು 2007ರ ಡಿಸೆಂಬರಿನಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು. ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣವಾಗದು. ಈ ಕಾಗದ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ಅಧಿಕಾರಿ ತೋರಿಸಬೇಕು. ಗಾಡಿ ಎಷ್ಟು ಗಂಟೆಗೆ ಹೊರಟಿತು ಎಂದು ಹೇಳಿದರೆ ಯಾವ ತನಿಖೆ ಕೆಡುತ್ತದೆ ಹೇಳಿ. ಆದರೆ ಮುಂದೆ ಯಾರ ಮನೆ ಶೋಧಿಸಬೇಕು ಎಂಬ ಟಿಪ್ಪಣಿ ಕೇಳಿದರೆ ಖಂಡಿತ ಕೆಡುತ್ತದೆ. ನಿಮ್ಮ ಅರ್ಜಿ ಈ ಎರಡರಲ್ಲಿ ಯಾವ ಕಡೆ ಇದೆ ಎಂದು ಮೊದಲೇ ಯೋಚಿಸಿ.

ಕೇಸ್ ಡೈರಿ ಬೇರೆಯೇ ಜಾತಿ. ತನಿಖಾಧಿಕಾರಿ ದಿನದಿನವೂ ಬರೆಯುವ ಅದನ್ನು ನೋಡುವ ಹಕ್ಕು ಆರೋಪಿಗೂ ಇಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 192 ಹೇಳುತ್ತದೆ. ಠಾಣಾ ದಿನಚರಿ ಮತ್ತು ಕೇಸ್ ಡೈರಿ ಒಂದೇ ಎಂದು ತಿಳಿದು ಕೇಳಿ ಸೋತವರು ತುಂಬಾ ಜನ.

ಅಧಿಕಾರಿಯ ಮೇಲಿನ ಮೆಮೊ, ಷೋಕಾಸ್ ನೋಟಿಸ್ ಕೇಳಿದರೆ 8(1)(ಜೆ) ಅಡ್ಡ ಬರುತ್ತದೆ. ಅವು ವೈಯಕ್ತಿಕ ಮಾಹಿತಿ ಎಂದು 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಈಗ ಅದು ಇನ್ನೂ ಬಿಗಿಯಾಗಿದೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023 ಈ ಕಲಮನ್ನು ತಿದ್ದಿತು, ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಮೊದಲು ಆ ಕಲಮಿನೊಳಗೇ ಸಾರ್ವಜನಿಕ ಹಿತದ ಮಾತಿತ್ತು. ಅದನ್ನು ತೆಗೆದುಹಾಕಿದ್ದು ಜನರಿಗಾದ ದೊಡ್ಡ ನಷ್ಟ ಎಂದು ನಾನು ನಂಬಿದ್ದೇನೆ. ಆದರೂ ಸೆಕ್ಷನ್ 8(2) ಇನ್ನೂ ಉಳಿದಿದೆ. ಮುಚ್ಚಿಡುವುದರಿಂದ ಉಳಿಯುವ ಹಿತಕ್ಕಿಂತ ತಿಳಿಸುವುದರಿಂದ ಜನರಿಗೆ ಆಗುವ ಹಿತ ದೊಡ್ಡದಾದರೆ, ಅಧಿಕೃತ ರಹಸ್ಯ ಕಾಯ್ದೆ 1923 ಏನೇ ಹೇಳಲಿ, ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಈ ಸೆಕ್ಷನ್ ಹೆಸರಿಸಿ, ಆ ಹಿತ ಏನು ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ.

ಇನ್ನು ಸೆಕ್ಷನ್ 24. ಐಬಿ, ರಾ, ಎನ್‌ಐಎ, ಸಿಬಿಐನಂಥ ಸಂಸ್ಥೆಗಳು ಕಾಯ್ದೆಯ ಹೊರಗಿವೆ. ರಾಜ್ಯ ಸರ್ಕಾರವೂ ತನ್ನ ಗುಪ್ತಚರ ಮತ್ತು ಭದ್ರತಾ ಘಟಕಗಳನ್ನು ಅಧಿಸೂಚನೆಯ ಮೂಲಕ ಹೊರಗಿಡಬಹುದು. ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಈ ರಿಯಾಯಿತಿ ನಡೆಯುವುದಿಲ್ಲ. ನಿಮ್ಮೂರಿನ ಕಾನೂನು ಸುವ್ಯವಸ್ಥೆ ಠಾಣೆ ಗುಪ್ತಚರ ಘಟಕವಲ್ಲ ಎಂಬುದನ್ನೂ ನೆನಪಿಡಿ.

ಹಂತ 6: ಮೇಲ್ಮನವಿ

ಉತ್ತರ ಬರದಿದ್ದರೆ ಅಥವಾ ತೃಪ್ತಿ ಆಗದಿದ್ದರೆ 30 ದಿನದೊಳಗೆ ಪ್ರಥಮ ಮೇಲ್ಮನವಿ. ಅದು ಮಾಹಿತಿ ಅಧಿಕಾರಿಗಿಂತ ಮೇಲಿನ ದರ್ಜೆಯವರಿಗೆ ಹೋಗುತ್ತದೆ. ಅವರು 30 ದಿನದಲ್ಲಿ, ತಡವಾದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ.

ಒಂದು ತಪ್ಪು ಮಾಡಬೇಡಿ. ಆಯೋಗಕ್ಕೆ ಸೆಕ್ಷನ್ 18ರ ದೂರು ಮಾತ್ರ ಕೊಟ್ಟರೆ ಅಧಿಕಾರಿಗೆ ದಂಡ ಬೀಳಬಹುದು, ಕಾಗದ ಮಾತ್ರ ನಿಮ್ಮ ಕೈಗೆ ಬರುವುದಿಲ್ಲ. ಮಣಿಪುರ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಕಾಗದ ಬೇಕಿದ್ದರೆ ಸೆಕ್ಷನ್ 19ರ ಮೇಲ್ಮನವಿಯೇ ದಾರಿ. ನಿರಾಕರಣೆ ಸರಿ ಎಂದು ರುಜುವಾತು ಮಾಡುವ ಭಾರ ಅಧಿಕಾರಿಯ ಮೇಲಿದೆ, ನಿಮ್ಮ ಮೇಲಲ್ಲ. ವಿಚಾರಣೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿ. ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಗಡುವು ಮೀರಿ ಕೊಟ್ಟ ಪ್ರತಿಗಳಿಗೆ ಹಣ ಕೇಳುವಂತಿಲ್ಲ.

ಆರ್‌ಟಿಐ ಬೇಡವಾದ ಕಡೆ

ಕೆಲವು ಕಾಗದಕ್ಕೆ ಸುಮ್ನೆ ಅರ್ಜಿ ಹಾಕಿ ತಿಂಗಳು ಕಾಯುತ್ತಾರೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ, ಆಗಲೇ ಸಿಗಬೇಕು. 2016ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನಂತೆ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ಜಾಲತಾಣಕ್ಕೆ ಹಾಕಬೇಕು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 193 ಹೇಳುತ್ತದೆ. ಚಾರ್ಜ್‌ಶೀಟ್ ಅಥವಾ ಬಿ ರಿಪೋರ್ಟ್ (ಕೇಸು ಮುಗಿಸುವಂತೆ ಪೊಲೀಸರು ಕೊಡುವ ವರದಿ) ಕೋರ್ಟಿಗೆ ಹೋಗಿದ್ದರೆ ಅಲ್ಲೇ ನಕಲು ಅರ್ಜಿ ಹಾಕಿ. ಚಾರ್ಜ್‌ಶೀಟನ್ನು ಎಲ್ಲರಿಗೂ ಕಾಣುವಂತೆ ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೇಸು ನಡೆಯುತ್ತಿರುವಾಗ ಕಂಟ್ರೋಲ್ ರೂಮ್ ದಾಖಲೆ ಬೇಕೆನಿಸಿದರೆ, ಅದನ್ನು ತರಿಸಿಕೊಡಿ ಎಂದು ಅದೇ ಸಂಹಿತೆಯ ಸೆಕ್ಷನ್ 94ರ ಅಡಿ ನ್ಯಾಯಾಲಯವನ್ನೇ ಕೇಳಬಹುದು.

ಅಡ್ಡದಾರಿ ಬೇಡ

ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ಸ್ಕ್ಯಾನರ್ ಇಟ್ಟುಕೊಂಡು ಪೊಲೀಸ್ ರೇಡಿಯೊ ಕೇಳುತ್ತಾರೆ. ಅದನ್ನು ನೋಡಿ ಇಲ್ಲೂ ಆಸೆ ಪಡುವ ಹುಡುಗರಿದ್ದಾರೆ. ಭಾರತದಲ್ಲಿ ಅದು ಅಪಾಯ. ದೂರಸಂಪರ್ಕ ಕಾಯ್ದೆ 2023ರ ಸೆಕ್ಷನ್ 42ರಂತೆ ಸಂದೇಶವನ್ನು ಕಾನೂನುಬಾಹಿರವಾಗಿ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದೇ ವೈರ್‌ಲೆಸ್ ಸಂದೇಶದ ಲಾಗ್ ಅನ್ನು ಅರ್ಜಿ ಹಾಕಿ ಕೇಳುವುದು ನಿಮ್ಮ ಹಕ್ಕು.

ನಿಮ್ಮ ಕೆಲಸಕ್ಕೆ ಠಾಣೆಗೆ ಹೋದಾಗ ಅಲ್ಲಿ ನಡೆದದ್ದನ್ನು ಮೊಬೈಲಿನಲ್ಲಿ ಚಿತ್ರಿಸುವುದು ಬೇರೆ ಪ್ರಶ್ನೆ. ಅಧಿಕೃತ ರಹಸ್ಯ ಕಾಯ್ದೆಯ ಅಡಿ ಪೊಲೀಸ್ ಠಾಣೆ "ನಿಷೇಧಿತ ಸ್ಥಳ" ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿ, ವಿಡಿಯೊ ಮಾಡಿದವರ ಮೇಲಿನ ಆ ಪ್ರಕರಣ ರದ್ದು ಮಾಡಿತು. ಅದು ಮಹಾರಾಷ್ಟ್ರದ ತೀರ್ಪು, ಕರ್ನಾಟಕದಲ್ಲಿ ವಾದಕ್ಕೆ ಬಳಸಬಹುದು, ಕಟ್ಟುಪಾಡಲ್ಲ.

ಕಾಗದ ಕೈಗೆ ಬಂದ ಮೇಲೆ ಎಲ್ಲರಿಗೂ ತೋರಿಸುವ ಆತುರ ಇರುತ್ತದೆ. ಹಾಕುವ ಮೊದಲು ಒಮ್ಮೆ ಓದಿ. ಅಧಿಕಾರಿ ಕಪ್ಪು ಬಳಿಯಲು ಮರೆತ ಫೋನ್ ನಂಬರ್, ಮನೆ ವಿಳಾಸ, ಸಾಕ್ಷಿಯ ಹೆಸರು ಇದ್ದರೆ ನೀವೇ ಮುಚ್ಚಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಂತೆ ಅಪರಾಧ, ಕಾಗದ ಆರ್‌ಟಿಐನಲ್ಲೇ ಬಂದಿದ್ದರೂ ಅಷ್ಟೇ. ನಮ್ಮ ಬೀದಿಯವರು ತಮಗೆ ಬಂದ ಮೂರು ಹಾಳೆಯಲ್ಲಿ ಗಾಡಿಯ ಡ್ರೈವರ್ ಹೆಸರನ್ನು ಬಿಳಿ ಚೀಟಿ ಅಂಟಿಸಿ ಮುಚ್ಚಿ, ಉಳಿದದ್ದನ್ನು ಜೆರಾಕ್ಸ್ ಮಾಡಿಸಿ, ಹೊಸ ದೂರಿನ ಜೊತೆ ಎಸ್‌ಪಿ ಕಚೇರಿಯ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದರು.